ಒಂದು ಹಿಡಿ ಬೆರಕೆ ಸೊಪ್ಪು

7-2-1994, ಸಂಜೆ 6
ಮಾತ್ರೆ ನುಂಗಿದೆ. ಕ್ಯಾಲೆಂಡರಿನಲ್ಲಿ ಗೆರೆ ಎಳೆದೆ. ನೂರಾ ನಾಲ್ಕನೆಯ ದಿನ. ಎದೆ ಬಡಿತ ಎಂದಿನಂತೆ ತನಗಿಷ್ಟ ಬಂದ ಹಾಗೆ. ರಕ್ತ ಹೆಪ್ಪುಗಟ್ಟಿ ತಲೆಗೆ ಹೋಗದಿರಲಿ ಎಂದು ಈ ತೆಳು ಮಾಡುವ ಮಾತ್ರೆ. ದಸರೆಯಲ್ಲಿ ಅರ್ಧ ಗಂಟೆ ಮಾತೇ ನಿಂತಿತ್ತು. ಮೂವತ್ತೊಂದು ವರ್ಷ ಜಂಗಮಕೋಟೆ ಪೋಸ್ಟಾಫೀಸಿನ ಕೌಂಟರಿನಲ್ಲಿ ಮಾತಾಡಿದ ಬಾಯಿ. ಮತ್ತೆ ಹಾಗಾಗುವುದು ಬೇಡ.

ಸೊಪ್ಪು ತಿನ್ನಕೂಡದಂತೆ, ಮಾತ್ರೆಯ ಕೆಲಸ ಕೆಡಿಸುತ್ತದಂತೆ. ಮುದ್ದೆ ಉಣ್ಣುವವನಿಗೆ ಇದಕ್ಕಿಂತ ಶಿಕ್ಷೆ ಬೇಕೆ? ಆದರೂ ಪಾಲಿಸುತ್ತಿದ್ದೇನೆ. ಬಸಿದ ಸೊಪ್ಪಿನ ಪಲ್ಯವೆಲ್ಲ ಹೆಂಡತಿ ಆದಿಲಕ್ಷ್ಮಮ್ಮನಿಗೆ. ನನಗೆ ಸೊಪ್ಪು ಬಸಿದ ನೀರಿನ ಬಸ್ಸಾರು ಮಾತ್ರ. ಈಚೆಗೆ ಸಾರು ಗಟ್ಟಿ. ರುಚಿ.

14-2
ಬೆಂಗಳೂರು ಆಸ್ಪತ್ರೆ. ರಕ್ತಪರೀಕ್ಷೆ. ರಕ್ತ ಎಷ್ಟು ತೆಳು ಎನ್ನುವ ಲೆಕ್ಕ ಎರಡರಿಂದ ಮೂರರೊಳಗೆ ಇರಬೇಕಾದ್ದು 1.4, ಇನ್ನೂ ಗಟ್ಟಿ. ಮೂರನೇ ಸಲ ಡೋಸ್ ಏರಿಸಿದರು. ಸೊಪ್ಪು ತಿನ್ನುತ್ತೀರಾ ಎಂದು ಮತ್ತೆ ಕೇಳಿದರು. ಇಲ್ಲ ಎಂದೆ. ನಂಬಲಿಲ್ಲ. ಸಿಟ್ಟು ಬಂತು. ಸರ್ವೀಸಿನಲ್ಲಿ ಒಂದು ಸುಳ್ಳು ರಸೀತಿ ಬರೆದವನಲ್ಲ ನಾನು.

28-2
2.3! ಗೆದ್ದೆ.

2-3
ಆದಿಲಕ್ಷ್ಮಮ್ಮ ಗೌರಿಬಿದನೂರಿಗೆ, ಮಗಳ ಬಾಣಂತನಕ್ಕೆ. ಒಂದು ತಿಂಗಳು. ಬಸ್ ಹತ್ತುವಾಗ ಏನೋ ಹೇಳಲು ಬಂದಳು... ಹೇಳಲಿಲ್ಲ. ನನಗೆ ಮೊಸರನ್ನ, ಹೋಟೆಲ್ ಇಡ್ಲಿ.

16-3, ಬೆಳಿಗ್ಗೆ
ಗಡ್ಡ ಹೆರೆಯುವಾಗ ಬ್ಲೇಡು ಕೆನ್ನೆಯನ್ನು ಚೂರು ಕೊಯ್ದಿತು. ಒಂದು ಗಂಟೆಯಾದರೂ ರಕ್ತ ನಿಲ್ಲುತ್ತಿಲ್ಲ. ವಸಡಿನಿಂದಲೂ. ಹೆದರಿಕೆಯಾಗುತ್ತಿದೆ. ಪಕ್ಕದ ಮನೆ ಬಯ್ಯಪ್ಪನನ್ನು ಕೂಗಬೇಕು.

27-3
ನಿನ್ನೆ ಮನೆಗೆ ಬಂದೆ. ಬಯ್ಯಪ್ಪ ಚಿಕ್ಕಬಳ್ಳಾಪುರಕ್ಕೆ ಒಯ್ದ, ಅವರು ಬೆಂಗಳೂರಿಗೆ ಕಳಿಸಿದರು. ರಿಪೋರ್ಟಿನಲ್ಲಿ ಎಂಟರ ಮೇಲಿತ್ತಂತೆ. ಬದುಕಿದ್ದೇನೆ.

ಅಲ್ಲಿ ಷಮೀಮ್ ಅಂತ ಒಬ್ಬರು, ಎಂ.ಡಿ. ಓದುತ್ತಿರುವ ಲೇಡಿ ಡಾಕ್ಟರು, ಚಿಂತಾಮಣಿಯವರು. ಈ ಮಾತ್ರೆಯಿಂದ ರೋಗಿಗಳಿಗೆ ತೃಪ್ತಿಯೇ ಎಂದು ಕೇಳುವ ಫಾರಂ ಹಿಡಿದು ಬಂದಿದ್ದರು. ಊಟದ ಪ್ರಶ್ನೆ ಬಂತು. ಸೊಪ್ಪು ಮುಟ್ಟಿಲ್ಲ, ಬರೀ ಬಸ್ಸಾರು ಎಂದೆ. ಪೆನ್ನು ನಿಂತಿತು.

"ತಾತ, ಬಸ್ಸಾರಿಗೆ ಬೆಂದಿರೋ ಸೊಪ್ಪು ರುಬ್ಬಿ ಹಾಕ್ತಾರಲ್ವಾ? ನಮ್ಮನೇಲೂ ಮಾಡ್ತೀವಿ."

ಗೌರಿಬಿದನೂರಿನಿಂದ ಓಡಿ ಬಂದು ಮಂಚದ ಪಕ್ಕ ಕೂತಿದ್ದ ಆದಿಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ರಕ್ತ ತೆಳುವಾದ್ರೆ ಮನುಷ್ಯ ನಿಲ್ತಾನಾ ಅಂತ ನಾನೇ ಎರಡೆರಡು ಹಿಡಿ ರುಬ್ತಿದ್ದೆ ಕಣಮ್ಮ."

ಆಗ ಅರ್ಥವಾಯಿತು. ಡೋಸ್ ಏರಿದ್ದು ಅವಳ ಸೊಪ್ಪಿಗೆ. ಅವಳು ಊರಿಗೆ ಹೋದಳು, ಸೊಪ್ಪು ನಿಂತಿತು. ಡೋಸ್ ಮಾತ್ರ ಹಾಗೇ ಉಳಿಯಿತು. ಷಮೀಮ್ ಬಯ್ಯಲಿಲ್ಲ. ದಿನಕ್ಕೆ ಒಂದೇ ಹಿಡಿ, ಹೆಚ್ಚೂ ಬೇಡ ಕಡಿಮೆಯೂ ಬೇಡ, ಅದಕ್ಕೆ ತಕ್ಕ ಡೋಸ್ ನಾಲ್ಕನೇ ತಾರೀಕಿನಿಂದ ಎಂದರು. ಅಲ್ಲಿಯವರೆಗೆ ಅರ್ಧ ಮಾತ್ರೆ. ಫಾರಂ ತುಂಬಿಸಿ ಪೋಸ್ಟ್ ಮಾಡಬೇಕು.

2-4
ಅವಳು ಸೊಪ್ಪಿಗೆ ಕೈ ಹಾಕುತ್ತಿಲ್ಲ. ಮೂರು ಹೊತ್ತೂ ಅನ್ನ, ಮಜ್ಜಿಗೆ. ಸೊಪ್ಪಿಲ್ಲದೆ ಹೊಸ ಡೋಸ್ ನುಂಗಿದರೆ ಮತ್ತೆ ಅದೇ ರಕ್ತ. ಹೇಳಿದೆ. "ನನ್ನ ಕೈಯಿಂದ ಬ್ಯಾಡ" ಎಂದಳು.

ಆಸ್ಪತ್ರೆಯಲ್ಲಿ ಅವಳ ಮೇಲೆ ಸಿಟ್ಟಿತ್ತು. ಈಗ ಎಲ್ಲಿ ಹೋಯಿತೋ. ಬರೀ ಸಂಕಟ.

"ಡಾಕ್ಟ್ರು ಮಾತ್ರೆ ಇಟ್ಟಿರೋದು ನಿನ್ನ ಹಿಡಿಗೆ ಕಣೇ," ಎಂದೆ. ಮಜ್ಜಿಗೆ ಕಡೆಯಲು ಎದ್ದು ಹೋದಳು.

ಫಾರಂನಲ್ಲಿ ಹನ್ನೊಂದು ಪ್ರಶ್ನೆ ಮುಗಿಸಿದೆ. ಹನ್ನೆರಡನೆಯದು, ಒಟ್ಟಾರೆ ಈ ಚಿಕಿತ್ಸೆ ನಿಮಗೆ ತೃಪ್ತಿ ತಂದಿದೆಯೇ. ಖಾಲಿ ಬಿಟ್ಟೆ.

4-4, ಬೆಳಿಗ್ಗೆ 8
ಎದ್ದಾಗ ಅವಳಿರಲಿಲ್ಲ. ಹಿತ್ತಲ ಬಾಗಿಲು ತೆರೆದಿತ್ತು. ನೋಡಿದರೆ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಬಗ್ಗಿ ಬೆರಕೆ ಸೊಪ್ಪು ಕೀಳುತ್ತಿದ್ದಾಳೆ. ಒಳಗೆ ಬಂದು ಫಾರಂ ತೆಗೆದೆ. ಪೆನ್ನಿಗೆ ಇಂಕು ಹಾಕಿದೆ.

ಈಗ ಎದುರು ಬಂದು ನಿಂತಿದ್ದಾಳೆ, ಮುಷ್ಟಿ ಮುಂದೆ ಚಾಚಿ. ಬೆರಳ ಸಂದಿಯಲ್ಲಿ ಎಲೆ.

"ಇಷ್ಟೇನಾ? ಸರಿಯಾಗಿ ನೋಡಿ ಹೇಳಿ."

ಹೇಳುತ್ತೇನೆ. ಮೊದಲು ಹನ್ನೆರಡನೆಯದಕ್ಕೆ ಉತ್ತರ... ತುಂಬಾ ತೃಪ್ತಿ.