ಅಕ್ಕನ ಹೆಸರಿನ ಬೀಡಿ ಕಾರ್ಡು

ಮಂಗಳೂರು, ಆಸ್ಪತ್ರೆಯ ಹೆಂಗಸರ ವಾರ್ಡು
೧೪-೮-೧೯೮೪

ಪ್ರೀತಿಯ ಹೇಮಾಕ್ಷಿ ಅಕ್ಕನಿಗೆ,

ನಿನ್ನ ತಂಗಿ ಬಾಗಿಯ ನಮಸ್ಕಾರ. ನೀನು, ಭಾವ, ಮಕ್ಕಳು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಬೊಂಬಾಯಿಯ ಮಳೆಗೆ ನಿನ್ನ ಸೊಂಟನೋವು ಹೇಗಿದೆ? ಬಿಸಿ ಎಣ್ಣೆ ತಿಕ್ಕಿಕೊ, ಉದಾಸೀನ ಮಾಡಬೇಡ. ನಾನು ಕೆಮ್ಮಿಗೆ ಆಸ್ಪತ್ರೆ ಸೇರಿದ ವಿಷಯ ಅಮ್ಮ ಬರೆಸಿದ್ದಾಳೆ. ಅದು ಬರೀ ಕೆಮ್ಮಲ್ಲ, ಕ್ಷಯ. ಔಷಧಿ ಬಿಡದೆ ತೆಗೆದುಕೊಂಡರೆ ಗುಣವಾಗುತ್ತದೆ, ನಡುವೆ ಬಿಟ್ಟರೆ ತಾವು ಜವಾಬ್ದಾರರಲ್ಲ ಎಂದು ಡಾಕ್ಟರರು ಹೇಳಿದ್ದಾರೆ.

ನೀನು ಮದುವೆಯಾಗಿ ಹೋದ ಮೇಲೆ ಕೂಳೂರಿನ ನಮ್ಮ ಜಗಲಿಯಲ್ಲಿ ಬೀಡಿ ಕಟ್ಟಿದವಳು ನಾನೊಬ್ಬಳೇ. ಅಮ್ಮನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಎಲೆ ಕತ್ತರಿಸಿ ಕೊಡುತ್ತಾಳೆ, ಅಷ್ಟೇ. ಆದರೆ ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಎಲೆ, ಹೊಗೆಸೊಪ್ಪು ಕೊಡುವುದು ನಿನ್ನ ಹೆಸರಿಗೆ, ಬೀಡಿ ಜಮೆಯಾಗುವುದು ನಿನ್ನ ಹೆಸರಿಗೆ. ನಮ್ಮ ಕಡೆ ಯಾವ ಮನೆಯಲ್ಲಿ ಬೇರೆ ರೀತಿ ಉಂಟು ಹೇಳು? ಅತ್ತೆಯ ಹೆಸರಿನಲ್ಲಿ ಸೊಸೆ, ಅಕ್ಕನ ಹೆಸರಿನಲ್ಲಿ ತಂಗಿ. ನಿನ್ನ ಬೀಡಿಯಂತೂ ನೂಲು ಸಡಿಲವೆಂದು ಅರ್ಧಕ್ಕರ್ಧ ವಾಪಸು ಬರುತ್ತಿತ್ತು. ನಾನು ಕುಳಿತ ಮೇಲೆ ಹೇಮಾಕ್ಷಿಯ ಕೈ ಚೆನ್ನಾಗಿ ಪಳಗಿತು ಎಂದು ಬ್ರಾಂಚಿನ ಅಹ್ಮದ್ ಬಾವ ನಗುತ್ತಿದ್ದರು. ಆಗ ನಾನೂ ನಕ್ಕೆ.

ಸರಕಾರದಿಂದ ಬೀಡಿಯವರಿಗೆ ಕಾರ್ಡು, ಕಾರ್ಡಿದ್ದವರಿಗೆ ಪುಕ್ಕಟೆ ಔಷಧಿ ಎಂದು ಬಂದಾಗ ಅಹ್ಮದ್ ಬಾವ ತಾವಾಗಿಯೇ ನನ್ನ ಹೆಸರು ಹಾಕಿಸಲು ಹೇಳಿದ್ದರು. ಅಮ್ಮ, "ಇವಳು ನಾಳೆ ಮದುವೆಯಾಗಿ ಹೋಗುವವಳು, ಒಂದು ಮನೆಗೆ ಒಂದು ಹೆಸರು ಸಾಕು," ಎಂದಳು. ನೀನು ಬೊಂಬಾಯಿಯಿಂದ ಬರೆದೆ: ನನ್ನ ಹೆಸರು ತೆಗೆಸಬೇಡಿ, ಊರಿಗೆ ಬಂದರೆ ಬೇಕಾಗುತ್ತದೆ. ಅಕ್ಕನಲ್ಲವಾ ಎಂದು ನಾನು ಸುಮ್ಮನಾದೆ. ಮದುವೆಯೂ ಆಗಲಿಲ್ಲ, ಕಾರ್ಡೂ ಆಗಲಿಲ್ಲ.

ರಕ್ತ ಕಾರಿದ ದಿನ ಅಮ್ಮ ನಿನ್ನ ಕಾರ್ಡು ಹಿಡಿದುಕೊಂಡು ನನ್ನನ್ನು ಇಲ್ಲಿಗೆ ತಂದಳು. "ನನ್ನ ದೊಡ್ಡ ಮಗಳು, ಹೇಮಾಕ್ಷಿ ಅಂತ," ಎಂದು ಚೀಟಿ ಕೊಡುವ ಕಿಟಕಿಯಲ್ಲಿ ಹೇಳಿದಳು. ಕಾರ್ಡಿನ ಫೋಟೊದಲ್ಲಿ ನೀನು ದುಂಡಗಿದ್ದೀ, ನಾನು ಒಣಗಿ ಹೋಗಿದ್ದೇನೆ. ಕಾಯಿಲೆಯವಳಲ್ಲವಾ, ಇಳಿದಿರಬೇಕು ಎಂದುಕೊಂಡರೋ ಏನೋ, ಯಾರೂ ಏನೂ ಕೇಳಲಿಲ್ಲ. ಗ್ಲ್ಯಾಡಿಸ್ ಸಿಸ್ಟರ್ ಹೇಮಾಕ್ಷಿ ಎಂದು ಕರೆದಾಗ ಮೊದಮೊದಲು ನಾನು ತಿರುಗಿ ನೋಡುತ್ತಿರಲಿಲ್ಲ. ಕಿವಿ ಮಂದ ಎಂದು ತಿಳಿದು ಈಗಲೂ ಗಟ್ಟಿಯಾಗಿ ಕರೆಯುತ್ತಾರೆ, ಪಾಪ.

ಇಷ್ಟೆಲ್ಲ ನನಗೆ ಬೇಸರವಲ್ಲ. ಕಳೆದ ಆದಿತ್ಯವಾರ ಅಮ್ಮ ಬಾಯಿ ತಪ್ಪಿ ಹೇಳಿದ ಮಾತಿಗೆ ಎದೆ ಒಡೆಯಿತು. ಕೆಲಸ ಬಿಟ್ಟಿದ್ದೇನೆ, ಬೀಡಿಯ ಪಿ.ಎಫ್. ಹಣ ತೆಗೆಯಬೇಕು, ಫಾರಂ ಕಳಿಸಿ ಎಂದು ನೀನು ಬ್ರಾಂಚಿಗೆ ಬರೆದೆಯಂತೆ. ನಾನು ಇಲ್ಲಿ ಮಲಗಿದ್ದೇನೆಂದು ತಿಳಿದ ಮೇಲೆ ಬರೆದೆ. ಅಮ್ಮನಿಗೂ ಗೊತ್ತಿತ್ತು. ಕೇಳಿದರೆ, "ಅವಳ ಹೆಸರಿನದ್ದು ಅವಳು ಕೇಳ್ತಾಳೆ, ಅದರಲ್ಲಿ ಎಂತ ಉಂಟು?" ಎನ್ನುತ್ತಾಳೆ. ಅಕ್ಕಾ, ಬೆನ್ನು ಬಾಗಿದ್ದು ಯಾರದ್ದು? ಆ ಹೊಗೆಸೊಪ್ಪಿನ ಪುಡಿ ಯಾರ ಎದೆಯೊಳಗೆ ಹೋಯಿತು? ನೀನು ಹಣ ತೆಗೆದರೆ ನನಗೆ ಹೊಟ್ಟೆಕಿಚ್ಚಿಲ್ಲ, ಪೂರಾ ಇಟ್ಟುಕೊ. ಆದರೆ ನಿನ್ನ ಕೈ ಹಿಡಿದು ಶಾಲೆಗೆ ಹೋದವಳು ನಾನು. ನೀನು ಹೀಗೆ ಮಾಡುವೆ ಎಂದು ಬೇರೆ ಯಾರು ಹೇಳಿದ್ದರೂ ಜಗಳಕ್ಕೆ ನಿಲ್ಲುತ್ತಿದ್ದೆ.

ಮಕ್ಕಳಿಗೆ ನನ್ನ ಆಶೀರ್ವಾದ, ಭಾವನಿಗೆ ನಮಸ್ಕಾರ. ಕೋಪದಲ್ಲಿ ಬರೆದದ್ದು ಹೆಚ್ಚಾಗಿದ್ದರೆ ಹೆಚ್ಚಾಗಿಯೇ ಇರಲಿ.

ನಿನ್ನ ತಂಗಿ,
ಬಾಗಿ

ತಾ.ಕ.: ಆಯಾ ಪೋಸ್ಟಿಗೆ ಹಾಕಲು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಫಾರಂ ನಿನ್ನ ಕೈಗೆ ಬಂದಿರಬಹುದು. ಸಹಿ ಹಾಕಬೇಡ. ಅದು ಬ್ರಾಂಚಿಗೆ ತಲುಪಿದರೆ ನಿನ್ನ ಹೆಸರು ತೆಗೆಯುತ್ತಾರೆ, ಕಾರ್ಡು ಹೋಗುತ್ತದೆ, ಔಷಧಿಯೂ ನಿಲ್ಲುತ್ತದೆ. ನಾನು ಗುಣವಾಗುವವರೆಗೆ ತಡೆದುಕೊ, ಕಾಲಿಗೆ ಬೀಳುತ್ತೇನೆ. ನಿನ್ನೆ ಪಕ್ಕದ ಮನೆಯ ಗುಲಾಬಿ ವಾರ್ಡಿಗೆ ಗಂಜಿ ತಂದು ಬಾಗಿ ಎಲ್ಲಿ ಎಂದು ಕೇಳಿದಳಂತೆ. ಆ ಹೆಸರಿನವರು ಯಾರೂ ಇಲ್ಲವೆಂದು ಬಾಗಿಲಿನಿಂದಲೇ ಕಳಿಸಿದರು. ಅವಳು ಹೋಗುವುದು ಕಂಡಿತು, ಕೂಗಲು ನನ್ನಲ್ಲಿ ಉಸಿರಿರಲಿಲ್ಲ. ನೀನು ಉತ್ತರ ಬರೆಯುವುದಾದರೆ ಕವರಿನ ಮೇಲೆ ನಿನ್ನ ಹೆಸರನ್ನೇ ಬರೆ. ನನಗೆ ಸಿಗುತ್ತದೆ.