ಕಚ್ಚುವುದಕ್ಕೆ ಮುಂಚೆ

ಮಿಯಾಪುರ, ಹೈದರಾಬಾದ್
21 ಆಗಸ್ಟ್ 2005

ಪ್ರೀತಿಯ ವಾಸಂತಿ,

ನಮ್ಮ ಶಾಲೆಯ ಪುಣೆಯ ಹೊಸ ಶಾಖೆಗೆ ಪ್ರಿನ್ಸಿಪಾಲಳಾಗಿ ಹೋದ ಮೇಲೆ ನೀನು ಬರೆದ ಎರಡು ಪತ್ರಗಳೂ ತಲುಪಿವೆ. ಉತ್ತರಕ್ಕೆಂದು ಮೂರು ಸಲ ಕೂತೆ. ಮೂರು ಸಲವೂ 'ನಾನು ಕ್ಷೇಮ' ಎಂಬಲ್ಲಿಗೇ ಪೆನ್ನು ನಿಂತಿತು. ತಡವಾಯಿತೆಂದು ಬೇಸರಿಸಬೇಡ. ನಿನ್ನ ಮಂಡಿನೋವು ಹೇಗಿದೆ? ಅಮೀರ್‌ಪೇಟೆಯ ಕಂಪ್ಯೂಟರ್ ಕೋರ್ಸು ಮುಗಿಸಿದ ನಿನ್ನ ಮಗಳು ಪೂರ್ವಿಗೆ ಕೆಲಸ ಸಿಕ್ಕಿದ್ದು ಓದಿ ಬಹಳ ಸಂತೋಷವಾಯಿತು.

ಇಲ್ಲಿ ಶಾಲೆಯೆದುರಿನ ಖಾಲಿ ಜಾಗದಲ್ಲೂ ಅಪಾರ್ಟ್‌ಮೆಂಟು ಏಳುತ್ತಿದೆ. ವಾರವಾರವೂ ಹೊಸ ಮಕ್ಕಳು, ಹೊಸ ಕಾರುಗಳು. ನಿನ್ನ ಕೋಣೆ ತುಂಬ ಈಗ ಕಂಪ್ಯೂಟರು. ನಮ್ಮ ವಿಶೇಷ ತರಗತಿಯನ್ನು ಮೆಟ್ಟಿಲ ಕೆಳಗಿನ ಕೋಣೆಗೆ ಹಾಕಿದ್ದಾರೆ. ಒಂಬತ್ತು ಮಕ್ಕಳಿದ್ದರು. ಈಗ ಎಂಟು.

ನಿರೀಕ್ಷಾಳನ್ನು ಶಾಲೆಯಿಂದ ಕಳಿಸಿಬಿಟ್ಟರು ವಾಸಂತಿ.

ಅವಳ ನೋಟ್‌ಬುಕ್ಕು ನಿನಗೆ ಗೊತ್ತು; ಹಾಗೆ ಬರೆಯಲು ಕಲಿಸಿದವಳೇ ನೀನು. ಮೂರು ಕಾಲಂ: ಕಚ್ಚುವುದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ನಾವೇನು ಮಾಡಿದೆವು. 'ಮೊದಲನೇ ಕಾಲಂ ಓದು ಸಾವಿತ್ರಿ, ಮಗು ಅಲ್ಲೇ ಮಾತಾಡ್ತದ' ಅಂತ ನೀನೇ ನನಗೆ ಅಂದಿದ್ದೆ. ಅದನ್ನು ಓದಿಯೇ ಶಾಲೆಯ ಗಂಟೆ ಅವಳ ಕಿವಿಯನ್ನು ಚುಚ್ಚುತ್ತದೆಂದು ತಿಳಿದದ್ದು. ಹಳದಿ ಕಾರ್ಡು ತೋರಿಸಿ ಗಂಟೆಗೆ ಮೊದಲೇ ಹಿತ್ತಿಲ ವರಾಂಡಕ್ಕೆ ಹೋಗುವುದನ್ನು ಕಲಿಸಿದೆವು. ಹಾಗೆ ಕಾರ್ಡು ಎತ್ತಿದಾಗಲೆಲ್ಲ, ಸುಲ್ತಾನ್ ಬಜಾರಿನಿಂದ ನಾನು ತಂದ ಬಣ್ಣದ ಗುಂಡಿಯೊಂದನ್ನು ದಾರಕ್ಕೆ ಪೋಣಿಸಿಕೊಳ್ಳುತ್ತಿದ್ದಳು.

ಶನಿವಾರ ನೋಟ್‌ಬುಕ್ಕು ಮನೆಗೆ ಹೋಗುತ್ತಿತ್ತು, ಅದಕ್ಕೇ ಕನ್ನಡದಲ್ಲಿ ಬರೆದದ್ದು. ತಾಯಿ ಸುಗಲಮ್ಮ ಸಿಂಧನೂರಿನವಳು. ಓದಿ, ಮನೆಯಲ್ಲಾದದ್ದನ್ನೂ ಮುಚ್ಚಿಡದೆ ಸೇರಿಸುತ್ತಿದ್ದಳು. 'ಅಜ್ಜಿ ಕೈ ಕಚ್ಚಿದ್ಲು. ಅದಕ್ಕೂ ಮೊದಲ ಕುಕ್ಕರ್ ಸೀಟಿ ಹೊಡೀತು.'

ಜೂನ್‌ನಲ್ಲಿ ನಾನು ಊರಿಗೆ ಹೋದಾಗ ಬಂದ ಬದಲಿ ಟೀಚರು ಕಾರ್ಡನ್ನು ಆಟದ ಸಾಮಾನೆಂದು ಕಿತ್ತಿಟ್ಟಳು. ಗಂಟೆ ಹೊಡೆಯಿತು. ಪಕ್ಕದಲ್ಲಿದ್ದ ಮಗುವನ್ನು ನಿರೀಕ್ಷಾ ಕಚ್ಚಿದಳು. ಅದರ ತಂದೆ ರವಿಶಂಕರ್, ಬೆಂಗಳೂರಿನಿಂದ ಬಂದ ಸಾಫ್ಟ್‌ವೇರಿನವರು, ದೂರು ಕೊಟ್ಟರು. ಅವರದು ತಪ್ಪೆನ್ನಲಾರೆ, ಮಗುವಿನ ತೋಳು ನೀಲಿಗಟ್ಟಿತ್ತು.

ಆಗಸ್ಟ್ ಮೂರರಂದು ಶಾಲೆಯ ಆಡಳಿತ ನೋಡುವ ಕರೆಸ್ಪಾಂಡೆಂಟ್ ಸೂರ್ಯನಾರಾಯಣ ಗಾರು ಎಲ್ಲರನ್ನೂ ಕರೆಸಿ, ಇಂಗ್ಲಿಷಿನಲ್ಲಿ ಟೈಪಾದ ಎರಡು ಹಾಳೆ ಮುಂದಿಟ್ಟರು. ನಮ್ಮ ನೋಟ್‌ಬುಕ್ಕಿನದೇ ಅನುವಾದ, ನಡುವಿನ ಕಾಲಂ ಮಾತ್ರ. ಕಚ್ಚಿದಳು, ಪರಚಿದಳು, ಕಚ್ಚಿದಳು, ಕಚ್ಚಿದಳು. ಒಟ್ಟು ನಲವತ್ತೆರಡು.

"ಚೂಡಂಡಿ ಮೇಡಂ, ಮೀರೇ ರಾಶಾರು ಕದಾ?" ಅಂದರು. ನೀವೇ ಬರೆದದ್ದಲ್ಲವೇ ಎಂದು.

"ಗಂಟೆಯ ಮಾತು ಎಲ್ಲಿದೆ ಸಾರ್? ಜನವರಿಯಿಂದ ಮೇವರೆಗೆ ಒಂದು ಸಲವೂ ಕಚ್ಚಿಲ್ಲ, ಅದೆಲ್ಲಿದೆ?" ಎಂದೆ. ಪೋಷಕರು ಸಂಖ್ಯೆ ಕೇಳುತ್ತಾರೆ, ಕಥೆಯನ್ನಲ್ಲ ಎಂದರು.

ನಿರೀಕ್ಷಾಳ ತಂದೆ ಅಮರೇಶಪ್ಪ ಹಾಳೆಯ ಮೇಲೆ ಬೆರಳಾಡಿಸುತ್ತ ಹೆಂಡತಿಯತ್ತ ತಿರುಗಿದ. "ಅವ್ವನ ಕೈ ಕಚ್ಚಿದ್ದೂ ಹಾಕ್ಯಾರಲ್ಲ ಇದ್ರಾಗ. ಮನಿ ಮಾತು ಬರೀಬ್ಯಾಡ ಅಂದಿದ್ನಿಲ್ಲ ನಿನಗ?"

ಹೊರಗೆ ಬಂದ ಮೇಲೆ ಸುಗಲಮ್ಮ ಕೇಳಿದಳು, "ಟೀಚರ್, ಇದನ್ನ ಇಂಗ್ಲೀಷ್ ಮಾಡಿ ಕೊಟ್ಟೋರು ಯಾರ್ರಿ? ಈ ಸಾಲ್ಯಾಗ ಕನ್ನಡ ಓದಾಕ ಬರೋರು ನೀವೊಬ್ರ ಅದೀರಿ."

"ನಾನಲ್ಲ ಸುಗಲಮ್ಮ."

"ಹಂಗಾರ ಯಾರು?"

ಗೊತ್ತಿಲ್ಲ ಎಂದೆ.

"ಇರ್ಲಿ ಬಿಡ್ರಿ. ಎರಡು ವರ್ಷ ನನ್ನ ಕೈಲೇನ ನನ್ನ ಮಗಳ ಮ್ಯಾಲ ಚಾಡಿ ಬರಿಸಿದ್ರಿ. ಭಾಳ ಉಪಕಾರ ಆತು."

ಧಾರವಾಡದಲ್ಲಿ ಎಂ.ಎ. ಓದುವಾಗ, ಪದ್ಯದಿಂದ ಒಂದು ಸಾಲು ತೆಗೆದರೂ ಉಳಿದದ್ದು ಸುಳ್ಳಾಗುತ್ತದೆಂದು ನೀನು ಮೇಷ್ಟರೊಡನೆ ವಾದಿಸುತ್ತಿದ್ದೆ. ನಾನು ಇಡೀ ತರಗತಿಯಲ್ಲಿ ನಿನ್ನೊಬ್ಬಳನ್ನೇ ನಂಬುತ್ತಿದ್ದೆ.

ಕಳೆದ ಭಾನುವಾರ ನಿರೀಕ್ಷಾಳ ಮನೆಯವರ ಕ್ವಾರ್ಟರ್ಸಿಗೆ ಹೋಗಿದ್ದೆ. ಬೇರೆ ಯಾವ ಶಾಲೆಗೂ ಸೇರಿಸಿಲ್ಲ. ಮಗು ಗೋಡೆಗೆ ಮುಖ ಮಾಡಿ ಕೂತಿತ್ತು. ಹೇಗಿದ್ದಾಳೆ ಎಂದರೆ, "ಎಲ್ಲಾ ಆರಾಮ ಐತ್ರಿ" ಎಂದಳು ಸುಗಲಮ್ಮ. ಅವಳ ಮುಂಗೈ ಮೇಲೆ ಹೊಸ ಹಲ್ಲಿನ ಗುರುತಿತ್ತು. ನನ್ನ ಕಣ್ಣು ಅಲ್ಲಿಗೆ ಹೋದದ್ದು ಕಂಡು ಸೆರಗು ಎಳೆದುಕೊಂಡಳು. ಅದಕ್ಕೆ ಮುಂಚೆ ಏನಾಯಿತೆಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಪೂರ್ವಿಗೆ ನನ್ನ ಆಶೀರ್ವಾದ ತಿಳಿಸು. ಹೊಸ ಕೆಲಸದಲ್ಲಿ ಅವಳಿಗೆ ನಂಬುವಂಥ ಜನ ಸಿಗಲಿ. ನಿನ್ನ ಹೊಸ ಶಾಲೆಯ ಮಕ್ಕಳೆಲ್ಲ ಚೆನ್ನಾಗಿರಲಿ.

ಇಂತು,
ಸಾವಿತ್ರಿ

ತಾ.ಕ.: ಜುಲೈಯಲ್ಲಿ ಹೊರಡುವ ವಾರ ನೀನು ನೋಟ್‌ಬುಕ್ಕು ಕೇಳಿ ಒಯ್ದಿದ್ದೆ, ಪುಣೆಯಲ್ಲೂ ಇದೇ ಪದ್ಧತಿ ಶುರು ಮಾಡುತ್ತೇನೆಂದು; ಎರಡು ದಿನ ಬಿಟ್ಟು ನೀನೇ ತಂದುಕೊಟ್ಟೆ. ಆದರೂ ಇದು ನಿನ್ನ ಕೆಲಸವೆಂದು ನಾನು ನಂಬಲಿಲ್ಲ. ಸಭೆಯ ದಿನ ಮನೆಗೆ ಬಂದು ಒಂದೊಂದಾಗಿ ಎಣಿಸಿದೆ. ನೋಟ್‌ಬುಕ್ಕಿನಲ್ಲಿರುವುದು ನಲವತ್ತೊಂದು. ಹಾಳೆಯ ಕೊನೆಯಲ್ಲಿದ್ದ 'ಶಿಕ್ಷಕಿಯ ಮಣಿಕಟ್ಟು ಕಚ್ಚಿದಳು, ರಕ್ತ ಬಂತು' ಎಂಬುದನ್ನು ನಾನು ಬರೆದೇ ಇರಲಿಲ್ಲ. ಜೂನ್ ಕೊನೆಗೆ ನನ್ನ ಅವ್ವನ ಕರ್ಮ ಮುಗಿಸಿ ಶಾಲೆಗೆ ಬಂದ ದಿನ, ಅಳು ತಡೆಯಲಾರದೆ ಆ ಮಗುವನ್ನು ಹಿಂದಿನಿಂದ ಬಿಗಿಯಾಗಿ ತಬ್ಬಿಕೊಂಡೆ. ತಪ್ಪು ನನ್ನದು, ಅವಳ ಹೆಸರಿಗೆ ಸೇರದಿರಲಿ ಎಂದು ಬಿಟ್ಟೆ. ಗಾಯಕ್ಕೆ ಪಟ್ಟಿ ಕಟ್ಟಿದವಳು ನೀನು. ನಿನಗೊಬ್ಬಳಿಗೇ ಹೇಳಿದ್ದೆ.

ಸುಗಲಮ್ಮನಿಗೆ ನಿನ್ನ ಹೆಸರು ಹೇಳಿಲ್ಲ. ಅವಳ ವಿಳಾಸ ಈ ಹಾಳೆಯ ಹಿಂದಿದೆ. ನೀನೇ ಬರೆ. ಕನ್ನಡದಲ್ಲೇ ಬರೆ, ಅವಳು ಓದುತ್ತಾಳೆ.