ಮಿಸ್ ಗರ್ಲಿಂಗ್ ಮನೆಯ ಚಿಮಣಿ

೪ ಮಾರ್ಚ್ ೧೯೬೩, ಸೋಮವಾರ
ಮತ್ತೆ ಮಿಸ್ ಗರ್ಲಿಂಗ್ ಮನೆಗೆ. ಚಿಮಣಿಯ ಬಿರುಕಿಗೆ ಅಡ್ಡಲಾಗಿ ಅಂಟಿಸಿದ್ದ ಗಾಜಿನ ಪಟ್ಟಿ ಒಡೆದಿದೆ. ಅಂದರೆ ಇನ್ನೂ ವಾಲುತ್ತಿದೆ. ಹೊಸದು ಅಂಟಿಸಿ ಬಂದೆ. ನಾನೂರು ವರ್ಷದ ಇಟ್ಟಿಗೆ, ಬೆರಳಿಟ್ಟರೆ ಪುಡಿ. ಸಂದಿನ ಸಿಮೆಂಟ್ ಮಾತ್ರ ಕಲ್ಲಿನಂತಿದೆ.
ನಲವತ್ತೇಳರಲ್ಲಿ ಅದನ್ನು ತುಂಬಿದವನು ನಾನೇ.

೬, ಬುಧವಾರ
ಎರಡು ತಿಂಗಳ ಹಿಮ ಕರಗುತ್ತಿದೆ. ಹೊಸ ಗಾಜೂ ಹೋಯಿತು. ಚಿಮಣಿಗೆ ಆಸರೆ ಕೊಡುವ ಮರದ ತೊಲೆಗಳು ಇಪ್ಸ್‌ವಿಚ್‌ನಿಂದ ಬರುವುದು ಸೋಮವಾರವಂತೆ.
"ಮಿಸ್, ಅಲ್ಲೀವರೆಗೆ ಚಿಮಣಿ ಕೆಳಗಿನ ಕೋಣೇಲಿ ಪಿಯಾನೊ ಪಾಠ ಬೇಡ."
ನಕ್ಕರು. "ನೂರು ವರ್ಷ ಅಲ್ಲಾಡಲ್ಲ ಅಂತ ನೀನೇ ಹೇಳಿದ್ದೆ ರೂಬೆನ್. ಮರ್ತೆಯಾ?"
ಮರೆತಿಲ್ಲ. ಶನಿವಾರ ಆರು ಮಕ್ಕಳು ಬರುತ್ತಾರೆ...

೮, ಶುಕ್ರವಾರ, ಸಂಜೆ
ಹೇಳಿಬಿಟ್ಟೆ. ಸುಣ್ಣದ ಗಾರೆ ನೀರನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಒಳಗೆ ನಿಂತ ನೀರು ಹೆಪ್ಪುಗಟ್ಟಿ ಇಟ್ಟಿಗೆಯನ್ನೇ ಸೀಳಿದೆ. ತಪ್ಪು ನನ್ನದು. ಗೊತ್ತಾಗಿ ಆರು ವರ್ಷ.
"ಆರು ವರ್ಷ ನನ್ನ ಟೀ ಕುಡ್ಕೊಂಡು ಬಾಯ್ಮುಚ್ಕೊಂಡಿದ್ಯಾ? ನಡಿ ಆಚೆ!"
ಬಾಗಿಲು ಮುಖಕ್ಕೇ ಹಾಕಿದರು. ಪಾಠ ನಿಲ್ಲಿಸುತ್ತೇನೆ ಅನ್ನಲಿಲ್ಲ.

೯, ಶನಿವಾರ
ಒಂಬತ್ತಕ್ಕೇ ಅವರ ಗೇಟಿನಲ್ಲಿ ನಿಂತೆ. ಬಂದ ಮಕ್ಕಳನ್ನೆಲ್ಲ ವಾಪಸು ಕಳಿಸಿದೆ. ಕಿಟಕಿಯಿಂದ ನೋಡಿದರು. ಮನೆ ಚಪ್ಪಲಿಯಲ್ಲೇ ದಡದಡ ಬಂದರು.
"ನನ್ನ ಮಕ್ಕಳನ್ನ ಓಡ್ಸೋಕೆ ನೀನ್ಯಾರೋ? ಪೊಲೀಸ್ ಕರೀಲಾ?"
"ಕರೀರಿ. ಬರೋವರೆಗೂ ಇಲ್ಲೇ ನಿಂತು ಬೈತಾ ಇರಿ."
ಬೈದರು. ಸತ್ತ ನನ್ನಪ್ಪನನ್ನೂ ಬಿಡಲಿಲ್ಲ. ಅವರ ಬೆನ್ನ ಹಿಂದೆ ಚಿಮಣಿ ಮಂಡಿ ಮಡಚಿದ ಹಾಗೆ ಕುಸಿಯಿತು. ಸೂರು, ಕೋಣೆ, ಪಿಯಾನೊ... ತಂತಿಗಳ ಸದ್ದು ಎಷ್ಟೋ ಹೊತ್ತು.
ಕೆಂಪು ಧೂಳು ಇಳಿಯುವಾಗ ನೋಡಿದೆ — ನನ್ನ ತೋಳು ಹಿಡಿದುಕೊಂಡಿದ್ದರು.

೧೪, ಗುರುವಾರ
ಕುಸಿದ ರಾಶಿಯಿಂದ ಒಳ್ಳೆಯ ಇಟ್ಟಿಗೆ ಆರಿಸುತ್ತಿದ್ದೆ. ಮಿಸ್ ಬಂದು ಪಕ್ಕದಲ್ಲಿ ಕುಳಿತರು.
"ಊರೆಲ್ಲ ನಿನ್ನನ್ನ ಹೊಗಳ್ತಿದೆ. ಮಕ್ಕಳನ್ನ ಉಳಿಸಿದ ಅಂತ."
ಇನ್ನೊಂದು ಇಟ್ಟಿಗೆ ಎತ್ತಿಟ್ಟೆ.
"ಶನಿವಾರ ಚರ್ಚ್ ಹಾಲಲ್ಲಿ ಪಾಠ. ತಾಯಂದಿರೂ ಬರ್ತಾರೆ. ನಂಗೆ ಹೇಳಿದ್ದನ್ನ ಅವರಿಗೂ ನೀನೇ ಹೇಳು."
"ಆಮೇಲೆ ಈ ಊರಲ್ಲಿ ನಂಗೆ ಕೆಲಸ ಯಾರು ಕೊಡ್ತಾರೆ, ಮಿಸ್?"
"ಗೊತ್ತಿಲ್ಲ," ಅಂದರು. ಎದ್ದು ಹೋದರು.

೧೬, ಶನಿವಾರ, ಬೆಳಿಗ್ಗೆ ಎಂಟು
ಕೋಟು ಹಾಕಿಕೊಂಡು ಕುಳಿತಿದ್ದೇನೆ. ಮೊದಲ ಮಾತು ಇಲ್ಲೇ ಬರೆದು ನೋಡುವುದು ಮೇಲು. "ನಾನು ರೂಬೆನ್ ಕ್ಯಾಚ್‌ಪೋಲ್. ನಿಮ್ಮ ಮಕ್ಕಳನ್ನ ನಾನು ಉಳಿಸ್ಲಿಲ್ಲ. ಆ ಚಿಮಣಿನ —"